ಪಿಟಿ ಪೀರಿಯಡ್‌ಗೂ ಬಂತು ಎಆರ್: ನಮ್ಮೂರ ಶಾಲೆಗೆ ಇದು ಬೇಕಾ?

ಪಿಟಿ ಪೀರಿಯಡ್ ಅಂದ್ರೆ ಸೀಟಿ, ಸಾಲು, ಕಬಡ್ಡಿ, ಖೋ ಖೋ. ಈಗ ಕೆಲವು ದೇಶಗಳಲ್ಲಿ ಇದರ ಜೊತೆಗೆ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್ ಕೂಡ ಸೇರಿಕೊಂಡಿದೆ. ಶಾಲೆಗೆ ದೇಣಿಗೆ ಕೊಡುವ ಅಂಗಡಿಯವರು, ಪೋಷಕರು ತಿಳಿದಿರಬೇಕಾದ ವಿಷಯ ಇಲ್ಲಿದೆ.

ಏನಿದು ಎಆರ್?

ಕಣ್ಣೆದುರಿನ ನಿಜವಾದ ಜಾಗದ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸೋದೇ ಎಆರ್. 2016ರಲ್ಲಿ ಬಂದ ಪೋಕೆಮಾನ್ ಗೋ ಆಟ ನೆನಪಿರಬಹುದು. ಫೋನ್ ಕ್ಯಾಮೆರಾ ಹಿಡಿದರೆ ರಸ್ತೆಯಲ್ಲೇ ಗೊಂಬೆ ನಿಂತಂತೆ ಕಾಣುತ್ತಿತ್ತು.

ಆಟ ಹೇಗೆ?

ಜಪಾನಿನ ಹಾಡೋ ಆಟದಲ್ಲಿ ಚೆಂಡೇ ಇಲ್ಲ. ತಲೆಗೆ ಹೆಡ್‌ಸೆಟ್, ಕೈಗೆ ಸೆನ್ಸರ್ ಕಟ್ಟಿಕೊಂಡು ಮೂವರ ಎದುರು ಮೂವರು ಆಡ್ತಾರೆ. ಕೈ ಬೀಸಿದರೆ ಬೆಳಕಿನ ಉಂಡೆ ಹಾರುತ್ತೆ, ಎದುರಾಳಿ ಓಡಿ ತಪ್ಪಿಸಿಕೊಳ್ಳಬೇಕು. ಒಂದು ಪಂದ್ಯ ಬರೀ 80 ಸೆಕೆಂಡ್. ಕೆನಡಾದ ಲೂ ಎಂಬ ವ್ಯವಸ್ಥೆಯಲ್ಲಿ ಪ್ರೊಜೆಕ್ಟರ್ ಗೋಡೆ ಮೇಲೆ ಚಿತ್ರ ಬಿಡುತ್ತೆ. ಮಕ್ಕಳು ನಿಜವಾದ ಚೆಂಡನ್ನೇ ಎಸೀತಾರೆ, ಎಲ್ಲಿ ಬಿತ್ತು ಅಂತ ಯಂತ್ರ ಗುರುತಿಸುತ್ತೆ.

ಲಾಭ ಇದೆಯಾ?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಓಟದಲ್ಲಿ ಹಿಂದೆ ಬೀಳುವ, ನಾಚಿಕೊಂಡು ಮೂಲೆಯಲ್ಲಿ ಕೂರುವ ಮಕ್ಕಳನ್ನು ಎಬ್ಬಿಸೋಕೆ ಇಂಥ ಆಟ ಸಹಾಯ ಮಾಡಬಹುದು.

ಆದರೆ ಹುರುಪು ಎಷ್ಟು ದಿನ? ಪೋಕೆಮಾನ್ ಗೋ ಆಡಿದ ಅಮೆರಿಕದ ಯುವಕ ಯುವತಿಯರ ಬಗ್ಗೆ 2016ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನ ಬಂದಿತ್ತು. ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಜಾಸ್ತಿ ನಡೆದಿದ್ದರು. ಆರನೇ ವಾರದ ಹೊತ್ತಿಗೆ ಮೊದಲಿನಷ್ಟಕ್ಕೇ ಬಂದು ನಿಂತಿತ್ತು.

ದುಡ್ಡು ಹಾಕುವ ಮುನ್ನ

* ಎಲ್ಲಾ ಆಂಡ್ರಾಯ್ಡ್ ಫೋನ್‌ನಲ್ಲೂ ಎಆರ್ ಓಡಲ್ಲ. ಮೊದಲು ಪರೀಕ್ಷಿಸಿ.
* ಬಿಸಿಲಲ್ಲಿ ಪ್ರೊಜೆಕ್ಟರ್ ಚಿತ್ರ ಕಾಣಲ್ಲ. ಒಳಾಂಗಣ, ಕರೆಂಟ್ ಎರಡೂ ಬೇಕು.
* ಸ್ಕ್ರೀನ್ ನೋಡ್ತಾ ಓಡಿದರೆ ಎಡವಿ ಬೀಳೋದು ಖಚಿತ. ಜಾಗ ಸಮತಟ್ಟಾಗಿರಲಿ.
* ಆ್ಯಪ್ ಮಕ್ಕಳ ವಿಡಿಯೋ ಉಳಿಸಿಕೊಳ್ಳುತ್ತಾ ಕೇಳಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳುತ್ತೆ.

ಮೊದಲು ಮೈದಾನ

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಲೇಬೇಕು. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರೂ ಬೇಕು. ಇವೆಲ್ಲ ಇರುವ ಶಾಲೆಗೆ ಎಆರ್ ಒಳ್ಳೆಯ ಸೇರ್ಪಡೆ. ಇಲ್ಲದ ಶಾಲೆಗೆ ಹೆಡ್‌ಸೆಟ್ ಕೊಟ್ಟರೆ ಆರು ವಾರದಲ್ಲಿ ಅದು ಬೀರು ಸೇರಬಹುದು. ದೇಣಿಗೆ ಕೇಳೋಕೆ ಯಾರಾದರೂ ಅಂಗಡಿಗೆ ಬಂದರೆ ಮೊದಲ ಪ್ರಶ್ನೆ ಇದೇ ಇರಲಿ: ಶಾಲೇಲಿ ಮೈದಾನ ಇದೆಯಾ, ಪಿಟಿ ಮೇಷ್ಟ್ರು ಇದ್ದಾರಾ?