ಅಂಗಳದ ನೆರಳು

ಮಕ್ಕಳಿಗೆ ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಆಸಕ್ತಿಯನ್ನು ಹುಟ್ಟಿಸುವುದು ಹೇಗೆಂದು ತಂದೆತಾಯಿಗಳು ನನ್ನನ್ನು ಆಗಾಗ ಕೇಳುವುದುಂಟು. ಆ ಆಸಕ್ತಿಯನ್ನು ಮಗುವು ಹುಟ್ಟುವಾಗಲೇ ತಂದಿರುತ್ತದೆ. ಅದನ್ನು ನಂದಿಸದೆ ಇರುವುದು ಹೇಗೆಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ನನ್ನ ಎಣಿಕೆ. ನಂದಿಸುವುದರಲ್ಲಿ ನನ್ನಂತಹ ಓದಿದವರೇ ಮುಂದು. ಏಕೆಂದರೆ ನಮ್ಮಲ್ಲಿ ಉತ್ತರಗಳು ಸಿದ್ಧವಾಗಿರುತ್ತವೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯ ವಾರದಲ್ಲಿ, ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಮೈಸೂರಿನ ನಮ್ಮ ಮನೆಯ ಅಂಗಳದಲ್ಲಿ ಎರಡಡಿಯ ಕೋಲೊಂದನ್ನು ನೆಟ್ಟು ಆಡುತ್ತಿದ್ದಳು. “ಅಪ್ಪಾ, ಮಧ್ಯಾಹ್ನ ನೆರಳು ಯಾವ ಕಡೆಗೆ ಬೀಳುತ್ತೆ?” ಎಂದು ಕೇಳಿದಳು. “ಉತ್ತರಕ್ಕೆ” ಎಂದೆ, ಪುಸ್ತಕದಿಂದ ತಲೆಯನ್ನೆತ್ತದೆ. “ಇಲ್ಲಪ್ಪ, ಬಾವಿಕಟ್ಟೆ ಕಡೆಗೆ ಬಿದ್ದಿದೆ” ಎಂದಳು. ಬಾವಿಯಿದ್ದುದು ದಕ್ಷಿಣಕ್ಕೆ. ನಿನಗೆ ದಿಕ್ಕು ತಿಳಿಯದೆಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದೇನು ಪುಣ್ಯವೊ, ಎದ್ದುಹೋಗಿ ನೋಡಿದೆ. ನೆರಳು ಬಾವಿಯ ಕಡೆಗೇ ಇತ್ತು.

ನಾನು ಓದಿದ ಪುಸ್ತಕಗಳು ಇಂಗ್ಲೆಂಡಿನವು. ಲಂಡನ್ ನಗರವು 51½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅಲ್ಲಿ ನಡುಹಗಲಿನ ಸೂರ್ಯನು ವರ್ಷವೆಲ್ಲ ದಕ್ಷಿಣದಲ್ಲಿಯೇ ಇರುತ್ತಾನೆ. ಮೈಸೂರು ಇರುವುದು 12 ಡಿಗ್ರಿಯ ಆಚೆ ತುಸು ದೂರದಲ್ಲಿ. ಸೂರ್ಯನಾದರೋ ಉತ್ತರಕ್ಕೆ 23½ ಡಿಗ್ರಿಯವರೆಗೆ ಸರಿಯುತ್ತಾನೆ. ಆದುದರಿಂದ ಏಪ್ರಿಲ್ 22ರ ಸುಮಾರಿನಿಂದ ಆಗಸ್ಟ್ 20ರ ಸುಮಾರಿನವರೆಗೆ ಅವನು ನಡುಹಗಲಿನಲ್ಲಿ ನಮಗೆ ಉತ್ತರದಲ್ಲಿದ್ದು, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ಎರಡು ತುದಿಯ ದಿನಗಳಲ್ಲಿ ಅವನು ನೆತ್ತಿಯ ಮೇಲೆಯೇ ಬರುವುದರಿಂದ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಇದು ನಾನೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ವಿಷಯ. ಅಂಗಳಕ್ಕೆ ಮಾತ್ರ ಅದನ್ನು ತಂದಿರಲಿಲ್ಲ.

ಮರುದಿನ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೆ ಎಂದು ನೋಡಿಕೊಂಡೆವು. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಅವಳು ಒಂದೊಂದು ಹರಳನ್ನಿಟ್ಟಳು. (ಸೂರ್ಯನನ್ನು ಬರಿಗಣ್ಣಿನಿಂದ ನೋಡಕೂಡದು, ನೆರಳನ್ನು ನೋಡಿದರೆ ಸಾಕೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.) ಅತ್ಯಂತ ಗಿಡ್ಡ ನೆರಳು ಸುಮಾರು ಮೂರೂವರೆ ಅಂಗುಲ, ಅದು ಬಿದ್ದುದು 12 ಗಂಟೆಗಲ್ಲ, 12-20ರ ಸುಮಾರಿಗೆ. “ಗಡಿಯಾರ ಕೆಟ್ಟಿದೆಯಾ?” ಎಂದಳು. ಈ ಸಲ ನಾನು ಬಾಯಿಬಿಡಲಿಲ್ಲ. “ನಾಳೆಯೂ ನೋಡೋಣ” ಎಂದೆ. ನೆರೆಮನೆಯ ಗಡಿಯಾರವನ್ನೂ ರೇಡಿಯೋ ಹೇಳುವ ವೇಳೆಯನ್ನೂ ಹೋಲಿಸಿ ನೋಡಿ, ತಪ್ಪು ಗಡಿಯಾರದ್ದಲ್ಲವೆಂದು ಅವಳೇ ತೀರ್ಮಾನಿಸಿದ ಮೇಲೆ ಭೂಪಟವನ್ನು ಬಿಚ್ಚಿದೆವು. ನಮ್ಮ ಗಡಿಯಾರಗಳು ತೋರಿಸುವುದು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು. ಮೈಸೂರು ಅದಕ್ಕೆ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷ. ಆ ಗುಣಾಕಾರವನ್ನು ಅವಳು ಯಾರ ಬಲವಂತವೂ ಇಲ್ಲದೆ ಮಾಡಿದಳು.

ಇನ್ನೂ ಚಿಕ್ಕ ಮಕ್ಕಳಿಗೆ ಹುಣಿಸೆಬೀಜಗಳು ಸಾಕು. ಒಂದು ಬೀಜವನ್ನಿಟ್ಟು ಅದರ ಎರಡು ಮಗ್ಗುಲಿಗೂ ಮೂಲೆಗೂ ಸೇರಿ ಮೂರನ್ನಿಟ್ಟರೆ ನಾಲ್ಕು ಬೀಜದ ಚೌಕ; ಮತ್ತೆ ಐದನ್ನು ಸುತ್ತಿಸಿದರೆ ಒಂಬತ್ತರ ಚೌಕ; ಏಳನ್ನು ಸುತ್ತಿಸಿದರೆ ಹದಿನಾರರದು. ಬೆಸಸಂಖ್ಯೆಗಳನ್ನು ಮೊದಲಿನಿಂದ ಕೂಡಿಸುತ್ತ ಹೋದರೆ ವರ್ಗಸಂಖ್ಯೆಗಳು ಬರುತ್ತವೆಂಬ ಸೂತ್ರವನ್ನು ನಾವು ಉಚ್ಚರಿಸಬೇಕಾಗಿಯೇ ಇಲ್ಲ. ತಾಯಿಯು ಒಂದು, ಮೂರು, ಐದು, ಏಳು ಎಂದು ರಂಗೋಲಿಯ ಚುಕ್ಕಿಗಳನ್ನಿಡುವಾಗ ಮಗುವು ತಾನಾಗಿಯೇ ಅದನ್ನು ಗುರುತಿಸೀತು.

ಗುರುತಿಸದಿದ್ದರೆ ಅವಸರವಿಲ್ಲ. ಅಗಲವಾದ ಪಾತ್ರೆಯ ನೀರನ್ನು ಕಣ್ಣೆದುರಿಗೇ ಉದ್ದನೆಯ ಲೋಟಕ್ಕೆ ಸುರಿದರೆ, ಐದು ವರ್ಷದ ಮಗುವು ಸಾಮಾನ್ಯವಾಗಿ ನೀರು ಹೆಚ್ಚಾಯಿತೆಂದೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ವಿದ್ವಾಂಸನು ಇಂತಹ ಪರೀಕ್ಷೆಗಳನ್ನು 1941ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾನೆ. ಅದು ದಡ್ಡತನವಲ್ಲ, ಆ ವಯಸ್ಸಿನ ಯೋಚನೆಯ ರೀತಿ. ಗದರಿಸಿದರೆ ಮಗುವು ನಮ್ಮ ಉತ್ತರವನ್ನು ಒಪ್ಪಿಸಲು ಕಲಿಯುತ್ತದೆ, ಅಷ್ಟೆ. ಪಾವನ್ನು ಕೈಗೆ ಕೊಟ್ಟು ಸುರಿಯಲು ಬಿಡುವುದೇ ವಾಸಿ. ನೆಲ ಒದ್ದೆಯಾದರೆ ಒರೆಸಬಹುದು.

ಆ ವರ್ಷ ಆಗಸ್ಟಿನಲ್ಲಿ ನೆರಳಿಲ್ಲದ ದಿನವನ್ನು ಕಾಣಬೇಕೆಂದು ನನ್ನ ಮಗಳು ಮೂರು ದಿನ ಅಂಗಳದಲ್ಲಿ ಕಾದಳು. ಮೂರು ದಿನವೂ ಮೋಡ. ಏಪ್ರಿಲ್ ಬರುವವರೆಗೆ ಕೋಲನ್ನು ಯಾರೂ ಕೀಳಕೂಡದೆಂದು ಮನೆಯವರೆಲ್ಲರಿಗೂ ಅಪ್ಪಣೆಯಾಯಿತು.