ಕೈಯಾರೆ ತುಂಬಿದ ತೋಟಾ ಚೇಂಬರಿನಲ್ಲಿ ಕೂರದಿದ್ದರೆ?



ಅಮೆರಿಕಕ್ಕೆ ಬಂದ ಮೇಲೆ ನಮ್ಮಲ್ಲಿ ಕೆಲವರಿಗೆ ಶೂಟಿಂಗ್ ರೇಂಜಿನ ಹವ್ಯಾಸ ಅಂಟಿಕೊಂಡಿದೆ. ಅವರಲ್ಲಿ ಒಂದಿಷ್ಟು ಮಂದಿ ಹಾರಿಸಿದ ಹಿತ್ತಾಳೆ ಕೇಸುಗಳನ್ನು ಆರಿಸಿ ತಂದು, ಗ್ಯಾರೇಜಿನಲ್ಲಿ ಪ್ರೆಸ್ ಇಟ್ಟುಕೊಂಡು ತೋಟಾಗಳನ್ನು ತಾವೇ ತುಂಬುತ್ತಾರೆ. ಸ್ವಂತ ಬಳಕೆಗೆ ತುಂಬಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ತುಂಬಿ ಮಾರುವ ವ್ಯಾಪಾರಕ್ಕೆ ಬೇಕು. ರಾಜ್ಯದ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ.

ಹೊಸಬರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ತೋಟಾ ಪೂರ್ತಿ ಒಳಗೆ ಹೋಗುವುದಿಲ್ಲ, ಸ್ಲೈಡ್ ಒಂದೆರಡು ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ, ಏನು ಮಾಡಲಿ?" ಮೊದಲ ಉತ್ತರ: ಅಂಗೈಯಿಂದ ಸ್ಲೈಡನ್ನು ಗುದ್ದಬೇಡಿ. ಗುದ್ದಿದರೆ ಜೀವಂತ ತೋಟಾ ಅಲ್ಲೇ ಕಚ್ಚಿಕೊಳ್ಳಬಹುದು. ಗುಂಡು ಕೇಸಿನೊಳಗೆ ಜರುಗಿದರಂತೂ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. 9 ಎಂಎಂ ತೋಟಾಕ್ಕೆ ಅಮೆರಿಕದ ಮಾನಕ ಸಂಸ್ಥೆ ಸಾಮಿ ಹಾಕಿರುವ ಮಿತಿ ಚದರ ಇಂಚಿಗೆ 35,000 ಪೌಂಡ್. ಅದನ್ನು ಮೀರಿದರೆ ಅಪಾಯ ನಿಮ್ಮ ಕೈಗೆ, ಕಣ್ಣಿಗೆ.

ನಮ್ಮಲ್ಲಿ ಬಹುಪಾಲು ಜನ ಸಾಫ್ಟ್‌ವೇರಿನವರು. ಬಗ್ ಹುಡುಕುವ ಕ್ರಮವೇ ಇಲ್ಲಿಗೂ ಸಾಕು: ಊಹೆ ಬೇಡ, ಪರೀಕ್ಷಿಸೋಣ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋಣ.

ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬ್ಯಾರೆಲ್ಲನ್ನು ಬಿಚ್ಚಿ ಹೊರತೆಗೆಯಿರಿ. ಅದರ ಚೇಂಬರಿನೊಳಕ್ಕೆ ತೋಟಾವನ್ನು ಸುಮ್ಮನೆ ಬಿಡಿ. ಸರಿಯಾದ ತೋಟಾ ಟಣ್ ಎಂದು ಕೂತು, ಬೆರಳಲ್ಲಿ ಸಲೀಸಾಗಿ ತಿರುಗಿ, ಬ್ಯಾರೆಲ್ ಮಗುಚಿದಾಗ ತಾನಾಗಿಯೇ ಬೀಳುತ್ತದೆ. ಅಂಗಡಿಯ ತೋಟಾವೂ ಕೂರದಿದ್ದರೆ ತಪ್ಪು ನಿಮ್ಮ ಪ್ರೆಸ್ಸಿನದಲ್ಲ; ಚೇಂಬರಿನಲ್ಲಿ ಮಸಿ, ಸೀಸ ಕಟ್ಟಿರಬಹುದು. ಶುಚಿಗೊಳಿಸಿ ಮತ್ತೆ ನೋಡಿ.

ಅಂಗಡಿಯದು ಕೂತು ನಿಮ್ಮದು ಕೂರದಿದ್ದರೆ, ನಿಮ್ಮ ತೋಟಾಕ್ಕೆ ಕಪ್ಪು ಮಾರ್ಕರ್ ಬಳಿದು, ಮೆಲ್ಲಗೆ ಬಿಟ್ಟು, ಒಂದು ಸುತ್ತು ತಿರುಗಿಸಿ ತೆಗೆಯಿರಿ. ಶಾಯಿ ಎಲ್ಲಿ ಉಜ್ಜಿದೆಯೋ ಅಲ್ಲೇ ತೊಂದರೆ.

ಗುಂಡಿನ ಮೇಲೆ ಉಜ್ಜಿದ್ದರೆ: ಗುಂಡು ಬ್ಯಾರೆಲ್ಲಿನ ಸುರುಳಿ ಗೆರೆಗಳಿಗೆ ತಾಗುತ್ತಿದೆ, ಅಂದರೆ ತೋಟಾ ಆ ಬ್ಯಾರೆಲ್ಲಿಗೆ ಉದ್ದವಾಯಿತು. 9 ಎಂಎಂಗೆ ಗರಿಷ್ಠ ಉದ್ದ 1.169 ಇಂಚು, ಆದರೆ ಗುಂಡಿನ ಮೂತಿಯ ಆಕಾರಕ್ಕೆ ತಕ್ಕಂತೆ ಇನ್ನೂ ಗಿಡ್ಡ ಬೇಕಾಗಬಹುದು. ಸ್ನೇಹಿತರ ಪಿಸ್ತೂಲಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಬೇಕೆಂದೇನಿಲ್ಲ. ಗುಂಡನ್ನು ಆಳಕ್ಕೆ ಕೂರಿಸಿದರೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಕೈಪಿಡಿಯ ಕನಿಷ್ಠ ಮದ್ದಿನ ಪ್ರಮಾಣದಿಂದ ಮತ್ತೆ ಶುರುಮಾಡಿ.

ಕೇಸಿನ ಬಾಯಂಚಿನಲ್ಲಿ ಉಜ್ಜಿದ್ದರೆ: ಗುಂಡು ಕೂರಿಸಲು ಅಗಲಿಸಿದ ಬಾಯಿ ಮತ್ತೆ ನೆಟ್ಟಗಾಗಿಲ್ಲ. ಕ್ಯಾಲಿಪರಿನಲ್ಲಿ ಅಳೆಯಿರಿ; 0.380 ಇಂಚು ಮೀರಬಾರದು. ಟೇಪರ್ ಕ್ರಿಂಪ್ ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಅತಿಯಾಗಿ ಅಮುಕಬೇಡಿ. ಈ ತೋಟಾ ಚೇಂಬರಿನಲ್ಲಿ ನಿಲ್ಲುವುದೇ ಬಾಯಂಚಿನ ಆಧಾರದ ಮೇಲೆ.

ಬಾಯಿಯ ಕೆಳಗೆ ಒಂದೇ ಪಕ್ಕ ಉಜ್ಜಿದ್ದರೆ: ಗುಂಡು ಓರೆಯಾಗಿ ಕೂತಿದೆ. ಬಾಯಿಯನ್ನು ತುಸು ಹೆಚ್ಚು ಅಗಲಿಸಿ, ಗುಂಡನ್ನು ನೆಟ್ಟಗಿಟ್ಟು ಒತ್ತಿ.

ಬುಡದ ಹತ್ತಿರ ಉಜ್ಜಿದ್ದರೆ: ಕೇಸ್ ಉಬ್ಬಿದೆ. ಸೈಜಿಂಗ್ ಡೈ ಸಾಕಷ್ಟು ಕೆಳಗಿಳಿದಿಲ್ಲ. ಡೈಯೊಂದಿಗೆ ಬಂದ ಸೂಚನೆಯಂತೆ ಹೊಂದಿಸಿ. ಆಮೇಲೂ ಉಬ್ಬು ಉಳಿದರೆ ಆ ಕೇಸನ್ನು ಎಸೆಯಿರಿ, ಹಿತ್ತಾಳೆ ಅಗ್ಗ.

ಸರಿಪಡಿಸಿದ ಮೇಲೆ ಒಮ್ಮೆಲೇ ನೂರು ತುಂಬಬೇಡಿ. ಐದು ತುಂಬಿ, ಐದನ್ನೂ ಬ್ಯಾರೆಲ್ಲಿನಲ್ಲಿ ಬಿಟ್ಟು ನೋಡಿ, ಆಮೇಲೆ ಮುಂದುವರಿಯಿರಿ. ಕೂರದ ತೋಟಾಗಳನ್ನು ಬೇರೆ ಡಬ್ಬಿಯಲ್ಲಿ ಚೀಟಿ ಅಂಟಿಸಿಟ್ಟು, ಬುಲೆಟ್ ಪುಲ್ಲರಿನಿಂದ ಬಿಚ್ಚಿ. ತುಂಬಿದ ತೋಟಾವನ್ನು ಮತ್ತೆ ಸೈಜಿಂಗ್ ಡೈಗೆ ಹಾಕಲೇಬೇಡಿ. ರೇಂಜಿನಲ್ಲಿ ತೋಟಾ ಕಚ್ಚಿಕೊಂಡರೆ ಪಿಸ್ತೂಲನ್ನು ಗುರಿಯ ದಿಕ್ಕಿಗೇ ಹಿಡಿದು ಅಲ್ಲಿನ ಅಧಿಕಾರಿಯನ್ನು ಕರೆಯಿರಿ.

ಕೊನೆಯದಾಗಿ, ಮನೆಯಲ್ಲಿ ಮಕ್ಕಳಿರುವವರಿಗೆ: ಪಿಸ್ತೂಲು, ಮದ್ದು, ಪ್ರೈಮರ್ ಎಲ್ಲವೂ ಬೀಗದೊಳಗಿರಲಿ. ಬಳಸಿದ ಕೇಸುಗಳ ಧೂಳಿನಲ್ಲಿ ಸೀಸವಿರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಈ ಕೆಲಸ ಬೇಡ. ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.