ಪಂಪು ಸಮಯ ಕೊಡುತ್ತದೆ, ಹೃದಯ ಕೊಡುವವರು ಯಾರು?

ಘಟ್ಟದ ಮೇಲಿಂದ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಬರುವವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದಾರೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮಾತು ಕಿವಿಗೆ ಬೀಳುತ್ತದೆ. ‘‘ಹಾರ್ಟ್ ದೊಡ್ಡದಾಗೇತಿ ಅಂದಾರ್ರೀ. ನಾಕ್ ಹೆಜ್ಜಿ ನಡದ್ರ ದಮ್ ಹತ್ತತೈತಿ.’’ ನಮ್ಮ ಕಡೆಯವರು ಕೇಳುವುದೂ ಅದನ್ನೇ: ‘‘ಇದು ಸರಿಯಾಗ್ಲಿಕ್ಕುಂಟಾ ಡಾಕ್ಟ್ರೇ?’’

ಹೃದಯಾಘಾತವೇ ಬೇರೆ, ಹೃದಯ ವೈಫಲ್ಯವೇ ಬೇರೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಎರಡನೆಯದರಲ್ಲಿ ರಕ್ತ ಪಂಪು ಮಾಡುವ ಸ್ನಾಯುವೇ ಸೋಲುತ್ತದೆ. ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಹೆಚ್ಚಿನವರಿಗೆ ಮಾತ್ರೆ, ಉಪ್ಪಿನ ಮಿತಿ, ತಪ್ಪದ ತಪಾಸಣೆಯಿಂದಲೇ ವರ್ಷಗಟ್ಟಲೆ ಬದುಕು ಸಾಗುತ್ತದೆ. ಯಾವ ಮದ್ದಿಗೂ ಬಗ್ಗದ ಕೆಲವರಿಗೆ ಮಾತ್ರ ಹೃದಯ ಕಸಿಯ ಮಾತು ಬರುತ್ತದೆ.

ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಹೃದಯ ಕಸಿ ಮಾಡಿದವರು ದಕ್ಷಿಣ ಆಫ್ರಿಕಾದ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್, 1967ರ ಡಿಸೆಂಬರ್ 3ರಂದು. ರೋಗಿ ಬದುಕಿದ್ದು 18 ದಿನ. ನಮ್ಮ ದೇಶದಲ್ಲಿ ಇದು ಯಶಸ್ವಿಯಾದದ್ದು 1994ರ ಆಗಸ್ಟ್ 3ರಂದು, ದಿಲ್ಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ಕೈಯಲ್ಲಿ. ಅದೇ ವರ್ಷ ಅಂಗಾಂಗ ಕಸಿ ಕಾಯ್ದೆಯೂ ಬಂತು.

ಆದರೆ ದಾನಿಯ ಹೃದಯ ಬೇಕೆಂದಾಗ ಸಿಗುವುದಿಲ್ಲ. ಅಲ್ಲಿಯವರೆಗೆ ರೋಗಿಯನ್ನು ಉಳಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹಿಡಿದವರಲ್ಲಿ ಡಾ. ಮನ್‌ದೀಪ್ ಮೆಹ್ರಾ ಒಬ್ಬರು. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಹೃದ್ರೋಗ ತಜ್ಞರು ಅವರು. ಸೋತ ಎಡ ಹೃತ್ಕುಕ್ಷಿಗೆ ಜೋಡಿಸುವ ಎಲ್‌ವ್ಯಾಡ್ ಎಂಬ ಪಂಪಿನ ಎರಡು ಮಾದರಿಗಳನ್ನು 1,028 ರೋಗಿಗಳಲ್ಲಿ ಹೋಲಿಸಿದ ಅಧ್ಯಯನವನ್ನು ಮುನ್ನಡೆಸಿದವರು. ಹಳೆಯ ಪಂಪಿನೊಳಗೆ ರಕ್ತ ಹೆಪ್ಪುಗಟ್ಟುವುದು ದೊಡ್ಡ ತಲೆನೋವಾಗಿತ್ತು. ಹೊಸದರಲ್ಲಿ ತಿರುಗುವ ಭಾಗ ಕಾಂತಶಕ್ತಿಯಿಂದ ಎಲ್ಲಿಯೂ ತಾಗದೆ ತೇಲುತ್ತದೆ. 2022ರಲ್ಲಿ ಪ್ರಕಟವಾದ ಲೆಕ್ಕದಂತೆ, ಐದು ವರ್ಷಗಳ ಬಳಿಕ ಹೊಸ ಪಂಪಿನವರಲ್ಲಿ ನೂರಕ್ಕೆ 58 ಮಂದಿ, ಹಳೆಯದರವರಲ್ಲಿ ಸುಮಾರು 44 ಮಂದಿ ಬದುಕಿದ್ದರು.

ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಇಂಥ ಪಂಪನ್ನು 2008ರಲ್ಲೇ ಅಳವಡಿಸಿದ್ದರು. ಆದರೆ ಅದರ ಖರ್ಚು ಹತ್ತಾರು ಲಕ್ಷ. ಹೊಟ್ಟೆಯಿಂದ ಒಂದು ವಯರ್ ಹೊರಗೆ ಬರುತ್ತದೆ. ಅಲ್ಲಿ ಸೋಂಕು ತಗಲಬಾರದು. ಬ್ಯಾಟರಿ ಚಾರ್ಜ್ ತಪ್ಪಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಅದಕ್ಕೆ ಆಗಾಗ ರಕ್ತ ಪರೀಕ್ಷೆ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಹಿರೇಕೆರೂರಿನ ಹಳ್ಳಿಮನೆಯಲ್ಲಿ ಇದೆಲ್ಲ ಸಣ್ಣ ಮಾತಲ್ಲ.

ಕಸಿಗೆ ದೂರವೂ ಒಂದು ಶತ್ರು. ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಬೆಂಗಳೂರು ಈ ತಾಲೂಕುಗಳಿಂದ 300 ಕಿ.ಮೀ.ಗೂ ಆಚೆ. ಸಮಾಧಾನವೆಂದರೆ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲೂ ಹೃದಯ ಕಸಿ ನಡೆದಿದೆ. 2022ರ ಜುಲೈಯಲ್ಲಿ ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಿಂದ ಅಲ್ಲಿಗೆ ಪೊಲೀಸರು ದಾರಿ ತೆರವು ಮಾಡಿಕೊಟ್ಟು ಹೃದಯ ಸಾಗಿಸಿದ್ದರು. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಹೃದಯ ಕಸಿಗೆ 11 ಲಕ್ಷ ರೂ. ನೆರವನ್ನು ಸರಕಾರ ಘೋಷಿಸಿದೆ. ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು.

ರಸ್ತೆಯೂ ಇದೆ, ಹಣವೂ ಬಂತು ಎನ್ನಿ. ಹೃದಯ? ಅದು ಇನ್ನೊಂದು ಮನೆಯಿಂದಲೇ ಬರಬೇಕು. ಬೈಕ್ ಅಪಘಾತದಲ್ಲಿ ಮಗನ ಮಿದುಳು ಸತ್ತಿದೆ ಎಂದು ಡಾಕ್ಟರು ಹೇಳುವ ಗಳಿಗೆಯಲ್ಲಿ ‘‘ಹಾಂ’’ ಎನ್ನುವುದು ಯಾರಿಗೂ ಸುಲಭವಲ್ಲ. ಕಾನೂನಿನಂತೆ ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಮೇಲಷ್ಟೇ ಮಿದುಳಿನ ಸಾವು ಖಚಿತವಾಗುತ್ತದೆ. ಮನೆಯವರ ಒಪ್ಪಿಗೆ ಬೇಕೇ ಬೇಕು. ಯಾರಿಗೆ ಹೃದಯ ಎಂಬುದು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ಪಟ್ಟಿಯಂತೆ ತೀರ್ಮಾನವಾಗುತ್ತದೆ.

‘‘ನಮ್ಮಲ್ಲಿ ಇದಕ್ಕೆ ಅನುಮತಿ ಉಂಟಾ?’’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡಮಿ 1986ರ ಅಮ್ಮಾನ್ ಸಭೆಯಲ್ಲಿ ಮಿದುಳಿನ ಸಾವನ್ನು ಮರಣವೆಂದು ಒಪ್ಪಿತು. 1988ರ ಜಿದ್ದಾ ಸಭೆಯಲ್ಲಿ, ಮೃತರು ಮೊದಲೇ ಸಮ್ಮತಿಸಿದ್ದರೆ ಅಥವಾ ವಾರಸುದಾರರು ಒಪ್ಪಿದರೆ ಜೀವ ಉಳಿಸಲು ಅಂಗ ಪಡೆಯಬಹುದೆಂದಿತು. ಉಲಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದ್ದರಿಂದಲೇ ನಿಮ್ಮೂರಿನ ಉಸ್ತಾದರಲ್ಲಿ, ಖಾಝಿಯವರಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಐಸಿಯು ಬಾಗಿಲಲ್ಲಿ ನಿಂತು ಕೇಳಲು ಸಮಯವಿರುವುದಿಲ್ಲ.

ಪಂಪು ಕೊಡುವುದು ಸಮಯವನ್ನು. ಆ ಸಮಯ ಮುಗಿಯುವ ಮೊದಲು ಯಾವುದೋ ಮನೆಯಲ್ಲಿ ಈ ಮಾತು ಆಗಿರಬೇಕು. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯಲ್ಲೂ ಒಮ್ಮೆ ಮಾತಾಡಿ ನೋಡಿ.